ಮಳೆ ಬರಲಿಲ್ಲ ಎಂದು ನಗುವ ಮೊದಲು

ಅಭಿಪ್ರಾಯ: ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ಮಾರ್ಚ್ ತಿಂಗಳು ಬಂತೆಂದರೆ ಟಿವಿಯಲ್ಲಿ, ಮೊಬೈಲಿನಲ್ಲಿ ಒಂದೇ ಥರದ ಸುದ್ದಿ ಶುರುವಾಗುತ್ತದೆ. ‘ಮುಂದಿನ 48 ಗಂಟೆ ಎಚ್ಚರ’, ‘ರಾಜ್ಯಕ್ಕೆ ರಕ್ಕಸ ಮಳೆ’, ‘ಉತ್ತರ ಕರ್ನಾಟಕಕ್ಕೆ ಬಿರುಗಾಳಿ ಕಂಟಕ’. ಪರದೆ ಪೂರ್ತಿ ಕೆಂಪು, ಹಿಂದೆ ಎದೆ ನಡುಗಿಸುವ ಸಂಗೀತ. ತೋರಿಸುವ ದೃಶ್ಯದಲ್ಲಿ ಸಮುದ್ರ ಉಕ್ಕುತ್ತಿರುತ್ತದೆ, ತೆಂಗಿನ ಮರಗಳು ನೆಲಕ್ಕೆ ಬಾಗಿರುತ್ತವೆ. ವಿಜಯಪುರದಿಂದ ಅರಬ್ಬಿ ಸಮುದ್ರ 250 ಕಿಲೋಮೀಟರಿಗೂ ದೂರವಿದೆ. ಮರುದಿನ ಎದ್ದು ನೋಡಿದರೆ ಗೋಳಗುಮ್ಮಟದ ಮೇಲೆ ಒಂದು ತುಂಡು ಮೋಡವೂ ಇರುವುದಿಲ್ಲ. ಆಗ ಎಲ್ಲರೂ ನಗುತ್ತಾರೆ.

ನಮ್ಮ ತರಗತಿಯಲ್ಲಿ ಈ ವಿಷಯಕ್ಕೆ ಚರ್ಚೆ ಬಂದಾಗ ಎರಡು ಗುಂಪಾದವು. ಒಂದು ಗುಂಪಿನ ಪ್ರಕಾರ ಹವಾಮಾನದ ಸುದ್ದಿ ಎಲ್ಲವೂ ಸುಳ್ಳು, ಜನರನ್ನು ಹೆದರಿಸಿ ಜಾಹೀರಾತು ಗಳಿಸುವುದೇ ಕೆಲಸ. ಇನ್ನೊಂದು ಗುಂಪಿನ ಪ್ರಕಾರ ಸ್ವಲ್ಪ ಹೆಚ್ಚು ಹೆದರಿಸಿದರೆ ತಪ್ಪೇನಿಲ್ಲ, ಜೀವ ಉಳಿದರೆ ಸಾಕು. ನನಗೆ ಎರಡೂ ಪೂರ್ತಿ ಸರಿ ಅನಿಸಲಿಲ್ಲ.

ನನ್ನ ಅಭಿಪ್ರಾಯ ಇಷ್ಟು. ಮಾಧ್ಯಮಗಳು ಉತ್ಪ್ರೇಕ್ಷೆ ಮಾಡುತ್ತವೆ, ನಿಜ. ಆದರೆ ಹವಾಮಾನ ಇಲಾಖೆ ಕೊಟ್ಟ ಎಚ್ಚರಿಕೆ ಬೇರೆ, ಅದನ್ನು ಟಿವಿ ಮತ್ತು ವಾಟ್ಸ್‌ಆ್ಯಪ್ ಹೇಳಿದ ರೀತಿ ಬೇರೆ. ನಾವು ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ಹೊರಗೆ ಎಸೆಯುತ್ತಿದ್ದೇವೆ. ಹಾಗೆ ಎಸೆದದ್ದರ ನಷ್ಟವನ್ನು ಟಿವಿಯವರು ಭರಿಸುವುದಿಲ್ಲ. ನಮ್ಮ ಜಿಲ್ಲೆಯ ದ್ರಾಕ್ಷಿ ಬೆಳೆಗಾರರು, ಕೂಲಿಕಾರರು, ತಳ್ಳುಗಾಡಿಯವರು ಭರಿಸುತ್ತಾರೆ.

ಎಚ್ಚರಿಕೆ ಎಲ್ಲಿ ಕೆಡುತ್ತದೆ?

ಮೊದಲು ಎಚ್ಚರಿಕೆ ಹೇಗೆ ತಯಾರಾಗುತ್ತದೆ ಎಂದು ನೋಡೋಣ. ಭಾರತೀಯ ಹವಾಮಾನ ಇಲಾಖೆ 1875ರಲ್ಲಿ ಶುರುವಾದದ್ದು. ಅದು ಜಿಲ್ಲೆಗೊಂದರಂತೆ ನಾಲ್ಕು ಬಣ್ಣಗಳಲ್ಲಿ ಮುನ್ಸೂಚನೆ ಕೊಡುತ್ತದೆ. ಹಸಿರು ಎಂದರೆ ಎಚ್ಚರಿಕೆ ಏನೂ ಇಲ್ಲ. ಹಳದಿ ಎಂದರೆ ಗಮನ ಇರಲಿ. ಕಿತ್ತಳೆ ಎಂದರೆ ಸಿದ್ಧರಾಗಿರಿ. ಕೆಂಪು ಎಂದರೆ ಈಗಲೇ ಕ್ರಮ ಕೈಗೊಳ್ಳಿ. ಅಂದರೆ ‘ಯೆಲ್ಲೋ ಅಲರ್ಟ್’ ಎನ್ನುವುದು ಹೆದರಿಕೆಯ ಮಾತಲ್ಲ, ಹೊರಗೆ ಹೋಗುವಾಗ ಆಕಾಶ ನೋಡಿಕೊಂಡು ಹೋಗು ಎಂದು ಮನೆಯ ಹಿರಿಯರು ಹೇಳುವಂಥ ಮಾತು. ಆದರೆ ಟಿವಿಯಲ್ಲಿ ‘ಅಲರ್ಟ್’ ಎಂಬ ಶಬ್ದ ಬಂದ ಕೂಡಲೇ ಮುಂದಿನ ಬಣ್ಣ ಯಾವುದಾದರೂ ಪರದೆ ಕೆಂಪೇ ಆಗುತ್ತದೆ.

ಇಲಾಖೆಯ ಮಾತುಗಳಿಗೆ ಅಳತೆ ಇದೆ. 24 ಗಂಟೆಯಲ್ಲಿ 64.5 ಮಿಲಿಮೀಟರಿನಿಂದ 115.5 ಮಿಲಿಮೀಟರಿನವರೆಗೆ ಮಳೆಯಾದರೆ ಅದು ‘ಭಾರೀ ಮಳೆ’. ಅದಕ್ಕಿಂತ ಹೆಚ್ಚಾಗಿ 204.4 ಮಿಲಿಮೀಟರಿನವರೆಗೆ ‘ಅತಿ ಭಾರೀ ಮಳೆ’. ಅದನ್ನೂ ಮೀರಿದರೆ ‘ಅತ್ಯಂತ ಭಾರೀ ಮಳೆ’. ನಮ್ಮ ಜಿಲ್ಲೆಯಲ್ಲಿ ಇಡೀ ವರ್ಷಕ್ಕೆ ಬೀಳುವುದೇ ಸುಮಾರು 600 ಮಿಲಿಮೀಟರ್. ಹಾಗಾಗಿ ಇಲಾಖೆ ‘ಭಾರೀ’ ಎಂದು ಹೇಳಿದರೆ ನಮ್ಮ ವರ್ಷದ ಮಳೆಯ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಒಂದೇ ದಿನದಲ್ಲಿ ಬೀಳಬಹುದು ಎಂದರ್ಥ. ಇದು ಸಣ್ಣ ಮಾತಲ್ಲ. ‘ರಕ್ಕಸ ಮಳೆ’, ‘ರಣಮಳೆ’, ‘ಜಲಪ್ರಳಯ’ ಎನ್ನುವ ಶಬ್ದಗಳಿಗೆ ಮಾತ್ರ ಯಾವ ಅಳತೆಯೂ ಇಲ್ಲ. ಹತ್ತು ಮಿಲಿಮೀಟರಿಗೂ ಅದೇ ಶಬ್ದ, ನೂರು ಮಿಲಿಮೀಟರಿಗೂ ಅದೇ ಶಬ್ದ.

ಇನ್ನೊಂದು ಮುಖ್ಯವಾದ ಮಾತು ‘ಅಲ್ಲಲ್ಲಿ’. ಜಿಲ್ಲೆಯ ‘ಒಂದೆರಡು ಕಡೆ’ ಮಳೆ ಎಂದು ಇಲಾಖೆ ಹೇಳಿದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ 25ರವರೆಗೆ ಮಾತ್ರ ಮಳೆ ಬರಬಹುದು ಎಂದು ಲೆಕ್ಕ. ‘ಕೆಲವೆಡೆ’ ಎಂದರೆ ಶೇ 26ರಿಂದ 50. ‘ಹಲವೆಡೆ’ ಎಂದರೆ ಶೇ 51ರಿಂದ 75. ಅದಕ್ಕಿಂತ ಹೆಚ್ಚಾದರೆ ‘ಬಹುತೇಕ ಕಡೆ’. ಈಗ ಯೋಚಿಸಿ. ಒಂದೆರಡು ಕಡೆ ಮಳೆ ಎಂದು ಹೇಳಿದ ದಿನ ನಾಲ್ಕರಲ್ಲಿ ಮೂರು ಊರುಗಳಿಗೆ ಒಂದು ಹನಿ ಬೀಳದಿದ್ದರೂ ಮುನ್ಸೂಚನೆ ಸರಿಯೇ! ನಮ್ಮ ಜಿಲ್ಲೆ ಹತ್ತು ಸಾವಿರ ಚದರ ಕಿಲೋಮೀಟರಿಗೂ ದೊಡ್ಡದು. ಒಂದು ಬದಿಗೆ ಭೀಮೆ, ಇನ್ನೊಂದು ಬದಿಗೆ ಕೃಷ್ಣೆ, ನಡುವೆ ಡೋಣಿ. ಅಥಣಿ ರಸ್ತೆಯ ತಿಕೋಟಾದಲ್ಲಿ ಆಣೆಕಲ್ಲು ಬಿದ್ದ ಸಂಜೆ ಜಮಖಂಡಿ ರಸ್ತೆಯ ಬಬಲೇಶ್ವರದಲ್ಲಿ ಧೂಳು ಹಾರುತ್ತಿರಬಹುದು, ವಿಜಯಪುರದಲ್ಲಿ ಜನ ಐಸ್‌ಕ್ರೀಮ್ ತಿನ್ನುತ್ತಿರಬಹುದು. ವಿಜಯಪುರದವನು ‘ಸುಳ್ಳು ಸುದ್ದಿ’ ಎನ್ನುತ್ತಾನೆ. ತಿಕೋಟಾದವನು ‘ಯಾರೂ ಗಟ್ಟಿಯಾಗಿ ಹೇಳಲೇ ಇಲ್ಲ’ ಎನ್ನುತ್ತಾನೆ. ಇಬ್ಬರೂ ಕೇಳಿದ್ದು ಒಂದೇ ಸುದ್ದಿ.

ಟಿವಿ ಸುದ್ದಿಯಲ್ಲಿ ಮೊದಲು ಮಾಯವಾಗುವುದೇ ಈ ‘ಒಂದೆರಡು ಕಡೆ’. ಎರಡನೆಯದಾಗಿ ‘ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ’ ಎನ್ನುವುದು ಮಾಯವಾಗುತ್ತದೆ. ಗುಡುಗು ಮಳೆಯ ಬಗ್ಗೆ ಇಲಾಖೆ ಕೊಡುವ ತಕ್ಷಣದ ಮುನ್ಸೂಚನೆಗೆ ಮೂರು ಗಂಟೆ ಮಾತ್ರ ಆಯಸ್ಸು. ಅದೇ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಮೂರು ದಿನ ಓಡಾಡುತ್ತದೆ. ಯಾವ ವರ್ಷದ್ದು ಎಂದೂ ಗೊತ್ತಾಗುವುದಿಲ್ಲ. ಸ್ಥಳ, ಸಮಯ, ಅಳತೆ ಮೂರನ್ನೂ ತೆಗೆದುಹಾಕಿದ ಮೇಲೆ ಉಳಿಯುವುದು ಭಯ ಒಂದೇ.

ನಮ್ಮಂಥ ಮನೆಗಳಲ್ಲಿ ಇನ್ನೊಂದು ತೊಂದರೆ ಇದೆ. ಮನೆಮಾತು ಉರ್ದು ಆದ್ದರಿಂದ ಹಿರಿಯರು ಹಿಂದಿ ಸುದ್ದಿ ವಾಹಿನಿಗಳನ್ನೇ ನೋಡುತ್ತಾರೆ. ಅಲ್ಲಿ ಹೇಳುವುದು ಮುಂಬೈ, ದೆಹಲಿ, ಗುಜರಾತ್‌ಗಳ ಬಿರುಗಾಳಿ. ನಮ್ಮ ದಾದಿ ಅದನ್ನು ನೋಡಿ ‘ತೂಫಾನ್ ಆರಾ ಕತೆ, ಬಾಹರ್ ನಕ್ಕೋ ಜಾ’ ಎನ್ನುತ್ತಾರೆ. ಬಿರುಗಾಳಿ ಬರುತ್ತಿದೆಯಂತೆ, ಹೊರಗೆ ಹೋಗಬೇಡ ಎಂದು. ವಿಜಯಪುರ ಜಿಲ್ಲೆಗೆ ನಿಜವಾಗಿ ಎಚ್ಚರಿಕೆ ಇದ್ದ ದಿನ ಅದು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಬರುತ್ತದೆ, ದಾದಿಯವರಿಗೆ ಗೊತ್ತೇ ಆಗುವುದಿಲ್ಲ. ದೂರದ ಗಾಳಿಗೆ ಹೆದರುತ್ತೇವೆ, ಹತ್ತಿರದ ಗಾಳಿ ಗೊತ್ತಾಗುವುದಿಲ್ಲ.

ಅಂಗಡಿಯ ಕಟ್ಟೆಯಿಂದ ಕಂಡದ್ದು

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. ನಮ್ಮದು ತಾಡಪತ್ರಿ, ಹಗ್ಗ, ಪ್ಲಾಸ್ಟಿಕ್ ಹಾಳೆ ಮಾರುವ ಸಣ್ಣ ಅಂಗಡಿ. ಬಿರುಗಾಳಿಯ ಸುದ್ದಿ ಜೋರಾದಷ್ಟೂ ನಮ್ಮ ಮನೆಗೆ ಲಾಭ. ಆದ್ದರಿಂದ ಟಿವಿ ಹೆದರಿಸುವುದನ್ನು ಟೀಕಿಸಿದರೆ ನಾನು ನಮ್ಮ ಗಲ್ಲಾಪೆಟ್ಟಿಗೆಯ ವಿರುದ್ಧವೇ ಬರೆದಂತೆ. ಆದರೂ ಬರೆಯುತ್ತೇನೆ, ಏಕೆಂದರೆ ರಜೆಯ ದಿನ ಅಲ್ಲಿ ಕುಳಿತಾಗ ಜನ ಎಚ್ಚರಿಕೆಗೆ ಹೇಗೆ ಸ್ಪಂದಿಸುತ್ತಾರೆ ಎನ್ನುವುದು ಬೇರೆಲ್ಲೂ ಕಾಣದಷ್ಟು ಚೆನ್ನಾಗಿ ಕಾಣುತ್ತದೆ.

ಬರುವವರಲ್ಲಿ ಮೂರು ಬಗೆ. ಮೊದಲ ಬಗೆಯವರು ನಗುವವರು. ‘ಟಿವ್ಯಾಗ ಹೇಳ್ಯಾರಂದ್ರ ಮಳಿ ಬರಂಗಿಲ್ಲ ಬಿಡ್ರಿ ಸಾಹೇಬ್ರ. ಅವ್ರು ಹೇಳಲಿಲ್ಲಂದ್ರ ಹೆದರಬೇಕು’ ಎಂದು ಅಬ್ಬಾಗೆ ಹೇಳಿ ಒಂದು ಹಗ್ಗ ಮಾತ್ರ ತಗೊಂಡು ಹೋಗುತ್ತಾರೆ. ಎರಡನೆಯ ಬಗೆಯವರು ಗಾಬರಿಯವರು. ಮೊಬೈಲಿನಲ್ಲಿ ವಿಡಿಯೊ ತೋರಿಸುತ್ತಾ ಬರುತ್ತಾರೆ, ಬೇಕಾದ್ದಕ್ಕಿಂತ ಎರಡು ಪಟ್ಟು ಕೊಳ್ಳುತ್ತಾರೆ, ಕೆಲವೊಮ್ಮೆ ಉದ್ರಿ ಬರೆಸುತ್ತಾರೆ. ವಾರದ ನಂತರ ವಾಪಸ್ ತಗೋರಿ ಎಂದು ಬರುವವರೂ ಇವರೇ. ಮೂರನೆಯ ಬಗೆಯವರು ಬಹಳ ಕಡಿಮೆ. ಅವರು ಕೇಳುವುದೇ ಬೇರೆ. ‘ನಿಮ್ಮ ಹುಡುಗರ ಮೊಬೈಲಿನ್ಯಾಗ ನೋಡಿ ಹೇಳ್ರಿ, ಇವತ್ತ ಸಂಜೀಗೋ ನಾಳಿಗೋ? ಗಾಳಿ ಎಷ್ಟು ಅಂತ ಐತಿ?’ ಗಾಳಿ ಗಂಟೆಗೆ 30ರಿಂದ 40 ಕಿಲೋಮೀಟರ್ ಎಂದು ಇದ್ದರೆ ಹಗ್ಗ ಬಿಗಿದರೆ ಸಾಕು, 50ರಿಂದ 60 ಎಂದಿದ್ದರೆ ತಾಡಪತ್ರಿಯ ಮೇಲೆ ಕಲ್ಲು ಹೇರಬೇಕು. ಅವರು ಅಷ್ಟು ತಿಳಿದುಕೊಂಡು ಹೋಗುತ್ತಾರೆ.

ಗಮನಿಸಿ, ಮೊದಲ ಬಗೆಯವರೂ ಎರಡನೆಯ ಬಗೆಯವರೂ ಟಿವಿಯೇ ತಯಾರಿಸಿದವರು. ಮೊದಮೊದಲು ಗಾಬರಿಯಾಗಿ ಓಡಿಬಂದವರೇ ನಾಲ್ಕು ಸಲ ಮಳೆ ಬಾರದೆ ಹೋದ ಮೇಲೆ ನಗುವವರಾಗುತ್ತಾರೆ. ‘ತೋಳ ಬಂತು ತೋಳ’ ಕಥೆಯನ್ನು ನಾವೆಲ್ಲ ಸಣ್ಣವರಿದ್ದಾಗ ಕೇಳಿದ್ದೇವೆ. ಅದರಲ್ಲಿ ಸುಳ್ಳು ಹೇಳಿದವನು ಹುಡುಗ, ಆದರೆ ಸತ್ತದ್ದು ಕುರಿಗಳು. ಆ ಕುರಿಗಳು ಊರಿನವರದ್ದು. ಸುಳ್ಳುಗಾರನನ್ನು ನಂಬದೆ ಬುದ್ಧಿ ಕಲಿಸಿದೆವು ಎಂದು ಊರಿನವರು ಹೇಳಿಕೊಳ್ಳಬಹುದು. ನಷ್ಟ ಮಾತ್ರ ಅವರದ್ದೇ.

ಶೆಡ್ಡಿನ ಜಮಾ–ಖರ್ಚು

ನಮ್ಮ ಜಿಲ್ಲೆಯಲ್ಲಿ ಈ ನಷ್ಟ ಎಲ್ಲಿ ಆಗುತ್ತದೆ ಎಂದು ತಿಳಿಯಲು ತಿಕೋಟಾ, ಬಬಲೇಶ್ವರ ಭಾಗದ ಒಣದ್ರಾಕ್ಷಿ ಶೆಡ್ಡುಗಳನ್ನು ನೋಡಬೇಕು. ಏತ ನೀರಾವರಿ ಬಂದ ಮೇಲೆ ಆ ಭಾಗದಲ್ಲಿ ದ್ರಾಕ್ಷಿ ಇನ್ನೂ ಹೆಚ್ಚಿದೆ. ನಮ್ಮ ಕಾಲೇಜಿಗೆ ಅಲ್ಲಿಂದ ಬಸ್ಸಿನಲ್ಲಿ ಬರುವ ಎಷ್ಟೋ ಗೆಳೆಯರ ಮನೆಯಲ್ಲಿ ಒಂದೋ ತೋಟವಿದೆ, ಇಲ್ಲವೇ ತೋಟದ ಕೂಲಿ ಇದೆ.

ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹಣ್ಣು ಕಟಾವಾಗುತ್ತದೆ. ಗೊನೆಗಳನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನಲ್ಲಿ ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಹರಡುತ್ತಾರೆ. ಹದಿನೈದು ದಿನದ ಆಸುಪಾಸಿನಲ್ಲಿ ಒಣಗುತ್ತದೆ. ಶೆಡ್ಡಿಗೆ ಮೇಲೆ ಚಾವಣಿ ಇರುತ್ತದೆ, ಗಾಳಿಯಾಡಲಿ ಎಂದು ಪಕ್ಕಗಳು ತೆರೆದಿರುತ್ತವೆ. ಆ ದಿನಗಳಲ್ಲಿ ಗಾಳಿ ಸಮೇತ ಮಳೆ ಪಕ್ಕದಿಂದ ಹೊಡೆದರೆ ಹಣ್ಣು ಕಪ್ಪಾಗುತ್ತದೆ, ಬೂಸು ಹಿಡಿಯುತ್ತದೆ. ಹಸಿರು–ಹಳದಿ ಬಣ್ಣದ ಮಾಲಿಗೆ ಸಿಗುವ ದರ ಕಪ್ಪು ಮಾಲಿಗೆ ಸಿಗುವುದಿಲ್ಲ. ಬಳ್ಳಿಯಲ್ಲೇ ಇದ್ದ ಹಣ್ಣು ಮಳೆಗೆ ಸೀಳುತ್ತದೆ. ಈದ್ ದಿನ ನಮ್ಮ ಶೀರ್‌ಖುರ್ಮಾಕ್ಕೆ ಬೀಳುವ ದ್ರಾಕ್ಷಿಯ ಹಿಂದೆ ಇಷ್ಟು ಆತಂಕ ಇರುತ್ತದೆ.

ಈಗ ವಾಣಿಜ್ಯ ವಿದ್ಯಾರ್ಥಿಯ ಹಾಗೆ ಒಂದು ಲೆಕ್ಕ ಹಾಕುತ್ತೇನೆ. ಅಂಕಿಗಳು ಉದಾಹರಣೆಗೆ ಮಾತ್ರ. ಒಂದು ಶೆಡ್ಡಿನಲ್ಲಿ 4 ಲಕ್ಷ ರೂಪಾಯಿ ಬೆಲೆಯ ಮಾಲು ಒಣಗುತ್ತಿದೆ ಎಂದುಕೊಳ್ಳಿ. ಎಚ್ಚರಿಕೆ ಬಂದಾಗ ಆಳು ಹಚ್ಚಿ ನಾಲ್ಕೂ ಬದಿಗೆ ಹೊದಿಕೆ ಕಟ್ಟಿ, ಮತ್ತೆ ಬಿಚ್ಚಲು ಒಂದು ಸಲಕ್ಕೆ 3,000 ರೂಪಾಯಿ ಖರ್ಚು. ಹತ್ತು ಸಲ ಎಚ್ಚರಿಕೆ ಬಂದು ಒಂಬತ್ತು ಸಲ ಮಳೆ ಬರಲಿಲ್ಲ. ಹತ್ತು ಸಲದ ಖರ್ಚು 30,000. ಬಂದ ಒಂದೇ ಸಲದಲ್ಲಿ ಹೊದಿಕೆ ಇಲ್ಲದಿದ್ದರೆ ಮಾಲಿನ ಬೆಲೆ ಅರ್ಧಕ್ಕೆ ಇಳಿದು 2 ಲಕ್ಷ ನಷ್ಟ. ಹತ್ತರಲ್ಲಿ ಒಂಬತ್ತು ಎಚ್ಚರಿಕೆ ‘ಸುಳ್ಳಾದರೂ’ ಹೊದಿಕೆ ಕಟ್ಟಿದವನಿಗೆ 1 ಲಕ್ಷ 70 ಸಾವಿರ ಉಳಿಯಿತು. ವಿಮೆಯ ಪಾಠದಲ್ಲಿ ನಾವು ಓದಿದ್ದೂ ಇದನ್ನೇ. ಅಂಗಡಿಗೆ ಬೆಂಕಿ ಬೀಳಲಿಲ್ಲ, ಪ್ರೀಮಿಯಂ ವ್ಯರ್ಥವಾಯಿತು ಎಂದು ಯಾವ ವ್ಯಾಪಾರಿಯೂ ಅಳುವುದಿಲ್ಲ.

ಆದರೆ ಈ ಲೆಕ್ಕ ಹತ್ತು ಎಚ್ಚರಿಕೆಗೆ ಸರಿ. ಟಿವಿ ನೋಡಿಕೊಂಡು ದಿನಾಲೂ ಹೊದಿಕೆ ಕಟ್ಟಿದರೆ? ಎಪ್ಪತ್ತು ಸಲ ಕಟ್ಟಿದರೆ ಖರ್ಚೇ 2 ಲಕ್ಷ ದಾಟುತ್ತದೆ, ಗಾಳಿಯಾಡದೆ ಹಣ್ಣು ಒಣಗುವುದೂ ತಡವಾಗುತ್ತದೆ. ಮಳೆ ಹೆದರಿಕೆಗೆ ಸಕ್ಕರೆ ಅಂಶ ಕೂಡುವ ಮೊದಲೇ ಹಣ್ಣು ಕಿತ್ತರೆ ತೂಕ ಕಡಿಮೆ, ದರವೂ ಕಡಿಮೆ. ಅಕ್ಟೋಬರ್ ಚಾಟನಿಯ ನಂತರ ಇಂಥದ್ದೇ ಸುದ್ದಿ ಕೇಳಿ ದಾವಣಿ ರೋಗಕ್ಕೆಂದು ಮತ್ತೆ ಮತ್ತೆ ಔಷಧಿ ಹೊಡೆದರೆ ಆ ಖರ್ಚು ಬೇರೆ. ಉತ್ಪ್ರೇಕ್ಷೆ ತಪ್ಪು ಎಂದು ನಾನು ಹೇಳುವುದು ಇದಕ್ಕೇ. ಅಳತೆ ಇರುವ ಎಚ್ಚರಿಕೆಯಿಂದ ಲೆಕ್ಕ ಹಾಕಬಹುದು, ಅಳತೆ ಇಲ್ಲದ ಕೂಗಿನಿಂದ ಹಾಕಲಾಗುವುದಿಲ್ಲ.

ಬಡವರ ಲೆಕ್ಕ ಇನ್ನೂ ಬಿಗಿಯಾದದ್ದು. ಮಾರ್ಕೆಟ್ಟಿನ ಹತ್ತಿರ ಬಾಳೆಹಣ್ಣಿನ ತಳ್ಳುಗಾಡಿ ಇಟ್ಟವರು ‘ಸಂಜೆ ಬಿರುಗಾಳಿ’ ಎಂಬ ಸುದ್ದಿ ಕೇಳಿ ಬೇಗ ಮನೆಗೆ ಹೋದರೆ ಆ ದಿನದ ಹಣ್ಣು ಕರಿಯಾಗುತ್ತದೆ, ಬಂಡವಾಳವೇ ಹೋಯಿತು. ತೋಟದ ಕೂಲಿಗೆ ಹೋಗುವ ಹೆಣ್ಣುಮಕ್ಕಳಿಗೆ ಆ ದಿನದ ಪಗಾರ ಇಲ್ಲ. ಸುಳ್ಳು ಎಚ್ಚರಿಕೆಯ ಖರ್ಚು ಶೆಡ್ಡಿನ ಮಾಲೀಕನಿಗೆ ಆದಾಯದ ಒಂದು ಸಣ್ಣ ಭಾಗ, ಇವರಿಗೆ ಆ ದಿನದ ಊಟ. ಆದ್ದರಿಂದಲೇ ಇವರು ಎಲ್ಲರಿಗಿಂತ ಬೇಗ ಸುದ್ದಿ ನಂಬುವುದನ್ನು ಬಿಡುತ್ತಾರೆ. ಅದಕ್ಕೆ ಅವರನ್ನು ‘ತಿಳಿವಳಿಕೆ ಇಲ್ಲ’ ಎಂದು ಬೈಯುವುದು ಅನ್ಯಾಯ. ಸ್ವಲ್ಪ ಹೆಚ್ಚು ಹೆದರಿಸಿದರೆ ತಪ್ಪೇನು ಎನ್ನುವ ಗೆಳೆಯರಿಗೆ ನನ್ನ ಉತ್ತರ ಇದು: ಆ ‘ಸ್ವಲ್ಪ ಹೆಚ್ಚಿನ’ ಬೆಲೆ ಕೊಡುವವರು ನೀವಲ್ಲ.

ಹೆಸರಿದ್ದ ಗಾಳಿ, ಹೆಸರಿಲ್ಲದ ಮಳೆ

ಹೆಸರಿರುವ ಚಂಡಮಾರುತ ಎಂದರೆ ಮಾಧ್ಯಮಕ್ಕೆ ಬಹಳ ಇಷ್ಟ. 2023ರ ಜೂನ್‌ನಲ್ಲಿ ‘ಬಿಪರ್‌ಜಾಯ್’ ಎಂಬ ಚಂಡಮಾರುತ ಅರಬ್ಬಿ ಸಮುದ್ರದಲ್ಲಿ ಎದ್ದು ಗುಜರಾತಿನ ಕರಾವಳಿಗೆ ಹೋಯಿತು. ದಿನವಿಡೀ ಅದೇ ಸುದ್ದಿ. ಅದೇ ವರ್ಷ ಕರ್ನಾಟಕದಲ್ಲಿ ಮಳೆ ಕೈಕೊಟ್ಟು 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತು. ಬರ ಸದ್ದು ಮಾಡುವುದಿಲ್ಲ, ತೆಂಗಿನ ಮರ ಬಗ್ಗಿಸುವುದಿಲ್ಲ. ಅದಕ್ಕೆ ಸಂಗೀತವೂ ಇರುವುದಿಲ್ಲ.

ಇದಕ್ಕೆ ವಿರುದ್ಧವಾದದ್ದು 2020ರ ಅಕ್ಟೋಬರ್. ಬಂಗಾಳ ಕೊಲ್ಲಿಯ ತೀವ್ರ ವಾಯುಭಾರ ಕುಸಿತವೊಂದು ಅಕ್ಟೋಬರ್ 13ರಂದು ಆಂಧ್ರದ ಕಾಕಿನಾಡ ಹತ್ತಿರ ಭೂಮಿಗೆ ಬಂತು. ಅದು ಚಂಡಮಾರುತದ ಮಟ್ಟಕ್ಕೆ ಬೆಳೆದಿರಲಿಲ್ಲ, ಹಾಗಾಗಿ ಅದಕ್ಕೆ ಹೆಸರೂ ಇರಲಿಲ್ಲ. ತೆಲಂಗಾಣದ ಮೇಲೆ ಹಾದು ಹೈದರಾಬಾದನ್ನು ಮುಳುಗಿಸಿ, ಉತ್ತರ ಕರ್ನಾಟಕ ಮತ್ತು ಮಹಾರಾಷ್ಟ್ರದ ಮೇಲೆ ಮಳೆ ಸುರಿಸಿತು. ಮಹಾರಾಷ್ಟ್ರದ ಜಲಾಶಯಗಳಿಂದ ನೀರು ಬಿಟ್ಟರು. ಭೀಮೆ ಉಕ್ಕಿ ಕಲಬುರಗಿ, ಯಾದಗಿರಿ ಮತ್ತು ನಮ್ಮ ವಿಜಯಪುರ ಜಿಲ್ಲೆಯ ನದಿ ದಂಡೆಯ ಊರುಗಳಿಗೆ ನುಗ್ಗಿತು. ಅದಕ್ಕೂ ಹಿಂದೆ, 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆಗೆ ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ತೀರಿಕೊಂಡರು. ಆಗಲೂ ನಮ್ಮ ಜಿಲ್ಲೆ ತತ್ತರಿಸಿತ್ತು. ‘ಬಿಜಾಪುರ ಬರಗಾಲದ ಜಿಲ್ಲೆ, ಇಲ್ಲಿಗೆ ಎಲ್ಲಿಯ ಪ್ರವಾಹ’ ಎನ್ನುವವರು ಈ ಎರಡು ವರ್ಷ ನೆನಪಿಡಬೇಕು.

ಎಚ್ಚರಿಕೆಯನ್ನು ಗಂಭೀರವಾಗಿ ತಗೊಂಡರೆ ಏನಾಗುತ್ತದೆ ಎನ್ನುವುದಕ್ಕೆ ಒಡಿಶಾ ಒಳ್ಳೆಯ ಉದಾಹರಣೆ. 1999ರ ಅಕ್ಟೋಬರ್ 29ರ ಸೂಪರ್ ಸೈಕ್ಲೋನ್‌ನಲ್ಲಿ ಅಲ್ಲಿ ಸುಮಾರು 10,000 ಜನ ಸತ್ತರು. 2013ರ ಅಕ್ಟೋಬರ್‌ನಲ್ಲಿ ‘ಫೈಲಿನ್’ ಬಂದಾಗ ಸುಮಾರು 10 ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಿದರು. ಸತ್ತವರ ಸಂಖ್ಯೆ 50ಕ್ಕಿಂತ ಕಡಿಮೆ. ಆಗ ಹೊರದೇಶದ ಕೆಲವರು ಇದು 1999ರಂತೆ ಸೂಪರ್ ಸೈಕ್ಲೋನ್ ಆಗುತ್ತದೆ, ಭಾರತದವರು ಕಡಿಮೆ ಹೇಳುತ್ತಿದ್ದಾರೆ ಎಂದು ಟೀಕಿಸಿದ್ದರು. ನಮ್ಮ ಹವಾಮಾನ ಇಲಾಖೆ ತನ್ನ ಅಂದಾಜಿನ ಮೇಲೆ ನಿಂತಿತು, ಅದೇ ಸರಿಯಾಯಿತು. ಈ ಘಟನೆಯಿಂದ ನಾನು ಎರಡು ವಿಷಯ ಕಲಿತೆ. ಅಳತೆ ಮೀರದೆ ಹೇಳಿದರೂ 10 ಲಕ್ಷ ಜನ ಮನೆ ಬಿಟ್ಟು ಹೊರಡುತ್ತಾರೆ, ಕೂಗಾಡಬೇಕಿಲ್ಲ. ಇನ್ನೊಂದು, ಎಲ್ಲರೂ ಮಾತು ಕೇಳಿ ಬದುಕಿಕೊಂಡ ಮೇಲೆ ಎಚ್ಚರಿಕೆಯೇ ಅತಿಯಾಗಿತ್ತು ಎಂದು ಕಾಣುತ್ತದೆ. ಏನೂ ಆಗಲಿಲ್ಲವಲ್ಲ ಎಂದು ನಗುವಾಗ, ಏನೂ ಆಗದಂತೆ ಯಾರೋ ಕೆಲಸ ಮಾಡಿರಬಹುದು ಎಂದೂ ಯೋಚಿಸಬೇಕು.

ಹೇಳುವವರು ಯಾರು ಎನ್ನುವುದೂ ಮುಖ್ಯ. ಬಾಂಗ್ಲಾದೇಶದಲ್ಲಿ 1970ರ ಭೋಲಾ ಚಂಡಮಾರುತದಲ್ಲಿ ಲಕ್ಷಾಂತರ ಜನ ಸತ್ತ ನಂತರ, 1972ರಲ್ಲಿ ಊರಿನವರನ್ನೇ ಸ್ವಯಂಸೇವಕರನ್ನಾಗಿ ಮಾಡುವ ಕಾರ್ಯಕ್ರಮ ಶುರುವಾಯಿತು. ಇಂದು ಅದರಲ್ಲಿ 70 ಸಾವಿರಕ್ಕೂ ಹೆಚ್ಚು ಜನರಿದ್ದಾರೆ. ಮೆಗಾಫೋನ್ ಹಿಡಿದು ಮನೆ ಮನೆಗೆ ಹೋಗುತ್ತಾರೆ. ಟಿವಿಯ ಮಾತನ್ನು ನಗುತ್ತಾ ತಳ್ಳಿಹಾಕುವವರೂ ಪಕ್ಕದ ಓಣಿಯ ಪರಿಚಯದವರು ಬಾಗಿಲು ಬಡಿದರೆ ಎದ್ದು ಬರುತ್ತಾರೆ.

ಸಿಡಿಲಿನ ವಿಷಯದಲ್ಲಿ ನಗು ಬೇಡ

ಇಷ್ಟರವರೆಗೆ ಹಣದ ಮಾತು. ಜೀವದ ಮಾತೂ ಇದೆ. ನಮ್ಮ ಭಾಗದಲ್ಲಿ ಮುಂಗಾರಿಗೆ ಮೊದಲಿನ ಮಳೆಯಲ್ಲಿ ದೊಡ್ಡ ಅಪಾಯ ಸಿಡಿಲು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಸಿಡಿಲಿಗೆ 2,887 ಜನ ಸತ್ತರು. ಇವರಲ್ಲಿ ಹೆಚ್ಚಿನವರು ಹೊಲದಲ್ಲಿ ಕೆಲಸ ಮಾಡುವವರು, ದನ–ಕುರಿ ಕಾಯುವವರಂಥ ಹಳ್ಳಿಯ ಜನ. ಮಳೆ ಬಂತೆಂದು ಬೇವಿನ ಮರದ ಕೆಳಗೆ ನಿಂತವರ ಸುದ್ದಿ ಪ್ರತಿ ಬೇಸಿಗೆ ನಾವು ಓದುತ್ತೇವೆ.

ಇಲ್ಲಿ ಟಿವಿಗೂ ಕಾಯಬೇಕಿಲ್ಲ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ. ಪಕ್ಕಾ ಕಟ್ಟಡದೊಳಗೆ ಅಥವಾ ಬಾಗಿಲು ಮುಚ್ಚಿದ ವಾಹನದೊಳಗೆ ಹೋಗಬೇಕು. ಮರದ ಕೆಳಗೆ ನಿಲ್ಲಬಾರದು. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಗೆ ಬರಬಾರದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ನಾವಿರುವ ಜಾಗದ ಸುತ್ತ 20ರಿಂದ 40 ಕಿಲೋಮೀಟರಿನೊಳಗೆ ಸಿಡಿಲಿನ ಸಾಧ್ಯತೆ ಇದ್ದರೆ ತಿಳಿಸುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ‘ಸಿಡಿಲು’ ಎಂಬ ಆ್ಯಪ್ ಮಾಡಿದೆ, ‘ವರುಣಮಿತ್ರ’ ಎಂಬ ಸಹಾಯವಾಣಿಯನ್ನೂ ನಡೆಸುತ್ತದೆ. ರೀಲ್ಸ್ ನೋಡುವ ಮೊಬೈಲಿನಲ್ಲಿ ಇವಕ್ಕೂ ಜಾಗವಿದೆ.

ಕೆಲವರು ‘ನಸೀಬಿನಲ್ಲಿ ಇದ್ದದ್ದು ಆಗುತ್ತದೆ, ಅಲ್ಲಾಹ್ ಇದ್ದಾನೆ’ ಎಂದು ಸುಮ್ಮನಿರುತ್ತಾರೆ. ಒಂಟೆಯನ್ನು ಬಿಟ್ಟು ದೇವರ ಮೇಲೆ ಭರವಸೆ ಇಡಲೇ ಎಂದು ಕೇಳಿದವನಿಗೆ ಪ್ರವಾದಿಯವರು, ಮೊದಲು ಕಟ್ಟು, ಆಮೇಲೆ ಭರವಸೆ ಇಡು ಎಂದು ಹೇಳಿದ್ದನ್ನು ನಾವೆಲ್ಲ ಮಕ್ತಬದಲ್ಲೇ ಕೇಳಿದ್ದೇವೆ. ತಾಡಪತ್ರಿ ಕಟ್ಟುವುದು ತವಕ್ಕುಲ್‌ಗೆ ವಿರುದ್ಧವಲ್ಲ.

ನಾವು ಏನು ಮಾಡಬಹುದು?

ಮಾಧ್ಯಮಗಳಿಗೆ ನನ್ನದು ಒಂದೇ ಬೇಡಿಕೆ. ನಿನ್ನೆ ಏನು ಹೇಳಿದೆವು, ಇಂದು ಏನಾಯಿತು ಎಂದು ದಿನಾಲೂ ಒಂದು ಸಾಲು ಹೇಳಲಿ. ವ್ಯಾಪಾರದಲ್ಲಿ ಸಂಜೆ ಲೆಕ್ಕ ಮುಚ್ಚದೆ ಅಂಗಡಿ ಮುಚ್ಚುವುದಿಲ್ಲ. ಸುದ್ದಿಯವರು ಮಾತ್ರ ನಿನ್ನೆಯ ಲೆಕ್ಕ ತೋರಿಸದೆ ಇಂದಿನ ಸರಕು ಮಾರುತ್ತಾರೆ. ಜಿಲ್ಲೆಯ ಪತ್ರಿಕೆಗಳು ಎಷ್ಟು ಮನೆ ಬಿದ್ದವು, ಎಷ್ಟು ಎಕರೆ ಹಾಳಾಯಿತು ಎಂದು ತಾಳ್ಮೆಯಿಂದ ಬರೆಯುತ್ತವೆ. ಆ ತಾಳ್ಮೆ ಮಳೆಗೆ ಮೊದಲೂ ಬೇಕು.

ನಮ್ಮ ಕಾಲೇಜಿಗೆ ನನ್ನದು ಒಂದು ಪ್ರಸ್ತಾವ. ಬರುವ ಏಪ್ರಿಲ್ 1ರಿಂದ ಜೂನ್ 15ರವರೆಗೆ ವಾಣಿಜ್ಯ ವಿಭಾಗದ ನಾವು ಒಂದು ಲೆಕ್ಕದ ಪುಸ್ತಕ ಇಡೋಣ. ಮೊದಲ ಕಾಲಂನಲ್ಲಿ ಆ ದಿನ ಹವಾಮಾನ ಇಲಾಖೆ ವಿಜಯಪುರ ಜಿಲ್ಲೆಗೆ ಕೊಟ್ಟ ಬಣ್ಣ ಮತ್ತು ಮಾತು. ಎರಡನೆಯದರಲ್ಲಿ ಟಿವಿ ಮತ್ತು ವಾಟ್ಸ್‌ಆ್ಯಪ್‌ನಲ್ಲಿ ಬಂದ ಮಾತು. ಮೂರನೆಯದರಲ್ಲಿ ನಿಜವಾಗಿ ಆದದ್ದು: ವಿಜಯಪುರದಲ್ಲಿ ಏನಾಯಿತು, ತಿಕೋಟಾದಲ್ಲಿ ಏನಾಯಿತು, ಬಬಲೇಶ್ವರದಲ್ಲಿ ಏನಾಯಿತು. ರಜೆಯಲ್ಲೂ ಆಯಾ ಊರಿನ ಗೆಳೆಯರು ಸಂಜೆ ಒಂದು ಸಂದೇಶ ಕಳಿಸಿದರೆ ಸಾಕು. ಕಾಲೇಜು ತೆರೆದ ಮೇಲಿನ ಸಂಚಿಕೆಯಲ್ಲಿ ಅದನ್ನು ಪ್ರಕಟಿಸೋಣ. ಇಲಾಖೆ ಎಷ್ಟು ಸಲ ಸರಿ, ಟಿವಿ ಎಷ್ಟು ಸಲ ಅತಿ ಎಂದು ಅಂಕಿಯಲ್ಲೇ ಕಾಣಲಿ. ನನ್ನ ಈ ಲೇಖನ ಸರಿಯೋ ತಪ್ಪೋ ಎನ್ನುವುದೂ ಅದರಲ್ಲೇ ಗೊತ್ತಾಗುತ್ತದೆ.

ಕಾಲೇಜು ನಡೆಯುವ ದಿನಗಳಲ್ಲಿ ನೋಟಿಸ್ ಬೋರ್ಡಿನ ಒಂದು ಮೂಲೆಯಲ್ಲಿ ಆ ದಿನದ ಎಚ್ಚರಿಕೆಯನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಬರೆಯೋಣ. ನಾವು ಮನೆಗೆ ಹೋಗಿ ದಾದಿ, ನಾನಿ, ಅಮ್ಮಿಯವರಿಗೆ ಹೇಳೋಣ. ತಿಕೋಟಾ ಬಸ್ಸು ಹತ್ತುವವರು ತಮ್ಮ ಊರಿನ ಕಟ್ಟೆಯ ಮೇಲೆ ಹೇಳಲಿ. ಯಾರಾದರೂ ಬಿರುಗಾಳಿಯ ಸಂದೇಶ ಕಳಿಸಿದರೆ ಮುಂದೆ ಕಳಿಸುವ ಮೊದಲು ಮೂರು ಪ್ರಶ್ನೆ ಕೇಳೋಣ: ಯಾವ ಊರಿಗೆ? ಎಷ್ಟು ಹೊತ್ತಿಗೆ? ಎಷ್ಟು ಜೋರು? ಮೂರಕ್ಕೂ ಉತ್ತರ ಇದ್ದರೆ ಅದು ಎಚ್ಚರಿಕೆ, ಕೂಡಲೇ ಮುಂದೆ ಕಳಿಸಿ. ಒಂದಕ್ಕೂ ಇಲ್ಲದಿದ್ದರೆ ಅಳಿಸಿಬಿಡಿ.

ಲೆಕ್ಕದ ಪುಸ್ತಕಕ್ಕೆ ಹೆಸರು ಕೊಡಲು ಇಷ್ಟವಿರುವವರು ವಾಣಿಜ್ಯ ವಿಭಾಗದ ಪ್ರತಿನಿಧಿಗಳ ಹತ್ತಿರ ಈ ತಿಂಗಳೊಳಗೆ ಬರೆಸಬೇಕು. ಬಬಲೇಶ್ವರದಿಂದ ಕನಿಷ್ಠ ಇಬ್ಬರು, ತಿಕೋಟಾದಿಂದ ಕನಿಷ್ಠ ಇಬ್ಬರು ಬೇಕು. ವಿಜಯಪುರದ ಕಾಲಂ ನಾನು ತುಂಬುತ್ತೇನೆ.